ಅಳೆದು ಸುರಿಯುವ ವಿವೇಕ: ಕಿರು ಉದ್ಯಮದ ಪ್ರಚಾರವ್ಯಯ ವಿಚಾರ

‘ಹೊಳೆಗೆ ಸುರಿದರೂ ಅಳೆದು ಸುರಿ’ ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ಹೊಳೆಗೆ ನೀರಿನ ಕೊರತೆಯಿಲ್ಲ. ಅದಕ್ಕೆ ಸುರಿದುದು ಸುರಿದವನ ಕೈಗೆ ಮರಳುವುದೂ ಇಲ್ಲ. ಆದರೂ ಸುರಿಯುವವನು ತಾನು ಎಷ್ಟು ಸುರಿದೆನೆಂಬುದನ್ನು ಅರಿತಿರಬೇಕೆಂಬುದೇ ಇದರ ತಾತ್ಪರ್ಯ. ಇಂದಿನ ವ್ಯಾಪಾರ ಪ್ರಪಂಚದಲ್ಲಿ ಈ ಗಾದೆಗೆ ಅತ್ಯಂತ ಯೋಗ್ಯವಾದ ನಿದರ್ಶನವೆಂದರೆ ಪ್ರಚಾರಕ್ಕಾಗಿ ಮಾಡುವ ವೆಚ್ಚ. ಕಲ್ಲಿಗೆ ಕೊಟ್ಟ ಹಣಕ್ಕೆ ಕಲ್ಲು ಕಾಣುತ್ತದೆ. ಕೂಲಿಗೆ ಕೊಟ್ಟ ಹಣಕ್ಕೆ ಕೆಲಸ ಕಾಣುತ್ತದೆ. ಪ್ರಚಾರಕ್ಕೆ ಕೊಟ್ಟ ಹಣ ಮಾತ್ರ ಎಲ್ಲಿ ಹೋಯಿತು, ಏನನ್ನು ತಂದಿತು ಎಂಬುದು ಬಹುಮಟ್ಟಿಗೆ ಕಣ್ಣಿಗೆ ಕಾಣದು. ಕಾಣದುದರಿಂದಲೇ ಕೆಲವರು ಅದನ್ನು ಪೂರ್ಣವಾಗಿ ಬಿಡುತ್ತಾರೆ. ಮತ್ತೆ ಕೆಲವರು ವ್ಯಾಪಾರ ಕುಸಿದಾಗ ಗಾಬರಿಗೊಂಡು ಸಾಲ ತಂದು ಸುರಿಯುತ್ತಾರೆ. ಈ ಎರಡೂ ಅತಿಗಳ ನಡುವೆ ಒಂದು ಅಳತೆಯ ದಾರಿಯಿದೆ. ಅದನ್ನು ಶಹಾಬಾದ ಸೀಮೆಯ ಕಲ್ಲಿನ ವ್ಯಾಪಾರವನ್ನು ನಿದರ್ಶನವಾಗಿಟ್ಟುಕೊಂಡು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪದವಿಚಾರ

ಯಾವುದೇ ವಿಷಯದ ವಿವೇಚನೆಗೆ ಮೊದಲು ಪದಗಳ ಅರ್ಥ ಸ್ಪಷ್ಟವಾಗಬೇಕು. ‘ಆಯವ್ಯಯ’ ಎಂಬ ಮಾತಿನಲ್ಲಿ ‘ಅಯ’ ಎಂದರೆ ಗತಿ, ಚಲನೆ. ಇತ್ತ ಬರುವುದು ಆಯ. ಅತ್ತ ಹೋಗುವುದು ವ್ಯಯ. ಎರಡೂ ಚಲನೆಯನ್ನೇ ಹೇಳುತ್ತವೆ. ನಿಂತ ಹಣಕ್ಕೆ ಆಯವೂ ಇಲ್ಲ, ವ್ಯಯವೂ ಇಲ್ಲ. ‘ಪ್ರಚಾರ’ವೆಂಬುದೂ ಚಲನೆಯೇ, ಪ್ರಕರ್ಷವಾಗಿ ಸಂಚರಿಸುವುದು, ಎಂದರೆ ವಸ್ತುವಿನ ಸುದ್ದಿ ವಸ್ತುವಿಗಿಂತ ಮುಂದಾಗಿ ಹೋಗುವುದು. ‘ಜಾಹೀರಾತು’ ಎಂಬುದು ಅರಬ್ಬಿ ಮೂಲದಿಂದ ಬಂದ ಶಬ್ದ; ಬಯಲಾಗಿ ಕಾಣುವಂತಹುದು ಎಂಬುದು ಅದರ ಅರ್ಥ. ‘ಗಿರಾಕಿ’ ಎಂಬುದು ‘ಗ್ರಾಹಕ’ ಶಬ್ದದ ರೂಪಾಂತರ, ಗ್ರಹಿಸುವವನೇ ಗ್ರಾಹಕ. ಆದುದರಿಂದ ಗ್ರಾಹಕನು ವಸ್ತುವನ್ನು ಕೈಯಿಂದ ಗ್ರಹಿಸುವ ಮೊದಲು ಅದರ ಸುದ್ದಿಯನ್ನು ಮನಸ್ಸಿನಿಂದ ಗ್ರಹಿಸಬೇಕಾಗುತ್ತದೆ. ಈ ಗ್ರಹಿಕೆಗಾಗಿ ಮಾಡುವ ವ್ಯಯವನ್ನು ವರ್ಷಾರಂಭದಲ್ಲಿಯೇ ಅಳೆದು, ವಿಂಗಡಿಸಿ, ಕಾಲಕ್ಕೆ ಹೊಂದಿಸಿ ಬರೆದಿಡುವುದೇ ಪ್ರಚಾರದ ಆಯವ್ಯಯ ಯೋಜನೆ.

ಈ ಸೀಮೆಯ ಕಲ್ಲು, ಈ ಸೀಮೆಯ ಹೆಸರು

ಭೀಮಾ ಮತ್ತು ಕಾಗಿಣಾ ನದಿಗಳ ಈ ಪ್ರದೇಶದಲ್ಲಿ ನೆಲದಡಿಯ ಸುಣ್ಣಗಲ್ಲು ಪದರಪದರವಾಗಿ ಮಲಗಿದೆ. ಪುಸ್ತಕದ ಹಾಳೆಗಳಂತೆ ಬಿಡಿಸಿಕೊಳ್ಳುವ ಈ ಗುಣವೇ ಶಹಾಬಾದ ಕಲ್ಲಿನ ಭಾಗ್ಯ. ಬೂದು, ನೀಲಿಬೂದು, ನಸುಹಸಿರು, ನಸುಗೆಂಪು ಛಾಯೆಗಳ ಈ ಹಾಸುಗಲ್ಲು ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಪ್ರದೇಶಗಳ ಎಷ್ಟೋ ಮನೆತನಗಳಿಗೆ ಅನ್ನ ನೀಡಿದೆ. ಚಿತ್ತಾಪುರ ತಾಲೂಕಿನ ಸನ್ನತಿಯ ಸಮೀಪ ಕನಗನಹಳ್ಳಿಯಲ್ಲಿ ದೊರೆತ ಬೌದ್ಧಸ್ತೂಪದ ಶಿಲ್ಪಫಲಕಗಳು ಸುಣ್ಣಗಲ್ಲಿನವೇ ಆಗಿದ್ದು, ಎರಡು ಸಾವಿರ ವರ್ಷಗಳ ಹಿಂದೆಯೇ ಈ ನಾಡಿನ ಕೈಗಳಿಗೆ ಈ ಕಲ್ಲಿನ ಮರ್ಮ ತಿಳಿದಿತ್ತೆಂಬುದಕ್ಕೆ ಸಾಕ್ಷಿಯಾಗಿವೆ.

1871ರಲ್ಲಿ ಮುಂಬಯಿ ಕಡೆಯ ರೈಲುದಾರಿ ರಾಯಚೂರಿನಲ್ಲಿ ಮದ್ರಾಸಿನ ದಾರಿಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಹೈದರಾಬಾದ ಸಂಸ್ಥಾನದೊಳಕ್ಕೆ ಮತ್ತೊಂದು ದಾರಿ ತೆರೆಯಿತು. ಭಾರವಾದ ಕಲ್ಲು ದೂರ ಹೋಗಲು ಇವು ಅನುಕೂಲವಾದವು. ಕಲ್ಲಿನೊಡನೆ ಊರಿನ ಹೆಸರೂ ಪ್ರಯಾಣ ಮಾಡಿತು. ಮಹಾರಾಷ್ಟ್ರದ ಮನೆಗಳಲ್ಲಿ ಇಂದಿಗೂ ‘ಶಹಾಬಾದಿ ಫರಶಿ’ ಎಂದರೆ ವಿವರಣೆ ಬೇಕಿಲ್ಲ. ಯಾವ ವ್ಯಾಪಾರಿಯೂ ದುಡ್ಡು ಕೊಟ್ಟು ಬರೆಯಿಸದ, ಯಾವ ಗೋಡೆಯ ಮೇಲೂ ಅಂಟಿಸದ ಪ್ರಚಾರವಿದು. ನೆಲದ ಮೇಲೆ ಹಾಸಿದ ಕಲ್ಲೇ ತನ್ನ ಮಾತನ್ನು ತಾನು ಆಡಿತು.

ಆದರೆ ಕಾಲ ಬದಲಾಗಿದೆ. ರಾಜಸ್ಥಾನದ ಕೋಟಾ ಕಲ್ಲು, ನೆರೆಯ ತೆಲಂಗಾಣದ ತಾಂಡೂರು ಕಲ್ಲು, ಗ್ರಾನೈಟು, ಇವೆಲ್ಲಕ್ಕೂ ಮಿಗಿಲಾಗಿ ಗುಜರಾತಿನ ಮೋರ್ಬಿಯ ಕಾರ್ಖಾನೆಗಳಿಂದ ಬರುವ ಹೊಳಪಿನ ಟೈಲುಗಳು ಮನೆಕಟ್ಟುವವನ ಮುಂದೆ ಸಾಲಾಗಿ ನಿಂತಿವೆ. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ವಾಡಿ, ಸೇಡಂ, ಮಳಖೇಡಗಳ ದೊಡ್ಡ ಕಾರ್ಖಾನೆಗಳಲ್ಲಿ ಇದೇ ಸೀಮೆಯ ಸುಣ್ಣಗಲ್ಲು ಅರೆಯಲ್ಪಟ್ಟು ಸಿಮೆಂಟಾಗಿ, ಹೆಸರು ಮುದ್ರಿಸಿದ ಚೀಲಗಳಲ್ಲಿ ತುಂಬಿ, ದೂರದರ್ಶನದ ಜಾಹೀರಾತಿನೊಡನೆ ದೇಶಾದ್ಯಂತ ಹೋಗುತ್ತದೆ. ಅದೇ ನೆಲದ ಹಾಸುಗಲ್ಲನ್ನು ಮಾರುವ ಕಿರು ವ್ಯಾಪಾರಿಗೆ ಮಾತ್ರ ಹೆಸರುಪಟ್ಟಿಯೂ ಇಲ್ಲ, ಲೆಕ್ಕದ ಪುಸ್ತಕದಲ್ಲಿ ‘ಪ್ರಚಾರ’ವೆಂಬ ಒಂದು ಅಂಕಣವೂ ಇಲ್ಲ. ದೊಡ್ಡ ಕಾರ್ಖಾನೆಯನ್ನು ಅನುಕರಿಸಲು ಅವನಿಗೆ ಸಾಧ್ಯವಿಲ್ಲ. ಅನುಕರಿಸುವುದು ಯುಕ್ತವೂ ಅಲ್ಲ. ಅವನಿಗೆ ತನ್ನದೇ ಆದ ಅಳತೆ ಬೇಕು.

ಮೊದಲ ಸೂತ್ರ: ಉಳಿಕೆಯಿಂದ ಅಳೆಯಬೇಕು, ಆಸೆಯಿಂದಲ್ಲ

ಪ್ರಚಾರಕ್ಕೆ ಎಷ್ಟು ತೆಗೆದಿಡಬೇಕು ಎಂಬುದು ಎಲ್ಲರ ಮೊದಲ ಪ್ರಶ್ನೆ. ‘ಮಾರಾಟದಲ್ಲಿ ಇಂತಿಷ್ಟು ಶೇಕಡಾ’ ಎಂದು ಉತ್ತರಿಸುವುದು ರೂಢಿ. ಈ ಉತ್ತರ ಅರ್ಧ ಸತ್ಯ. ನೂರು ರೂಪಾಯಿ ಮಾರಾಟದಲ್ಲಿ ನಲವತ್ತು ಉಳಿಯುವ ವ್ಯಾಪಾರಕ್ಕೂ ಹತ್ತು ಉಳಿಯುವ ವ್ಯಾಪಾರಕ್ಕೂ ಒಂದೇ ಶೇಕಡಾ ಹೊಂದಲಾರದು. ಅಳತೆಗೋಲು ಮಾರಾಟವಲ್ಲ, ಮಾಲಿನ ನೇರ ಖರ್ಚು ಕಳೆದು ಉಳಿಯುವ ಉಳಿಕೆ.

ಲೆಕ್ಕ ಸ್ಪಷ್ಟವಾಗಲೆಂದು ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಕಲ್ಲು ಕೊಯ್ದು, ಹೊಳಪು ನೀಡಿ ಮಾರುವ ಒಂದು ಚಿಕ್ಕ ಘಟಕವಿದೆಯೆನ್ನೋಣ. ಕಳೆದ ಮೂರು ವರ್ಷಗಳಲ್ಲಿ ಅದರ ಮಾರಾಟ ಕ್ರಮವಾಗಿ 56 ಲಕ್ಷ, 66 ಲಕ್ಷ, 58 ಲಕ್ಷ ರೂಪಾಯಿ. ಒಟ್ಟು 180 ಲಕ್ಷ. ಸರಾಸರಿ 60 ಲಕ್ಷ. ಯೋಜನೆಗೆ ಈ ಸರಾಸರಿಯೇ ಆಧಾರವಾಗಬೇಕು. ಉತ್ತಮವಾಗಿದ್ದ 66 ಲಕ್ಷವನ್ನಾಗಲಿ, ಬರುವ ವರ್ಷ ಆಗಬಹುದೆಂಬ 80 ಲಕ್ಷದ ಕನಸನ್ನಾಗಲಿ ಆಧಾರವಾಗಿ ಹಿಡಿಯಕೂಡದು.

ಈ 60 ಲಕ್ಷದಲ್ಲಿ ಕಲ್ಲಿನ ಬೆಲೆ, ಕೊಯ್ತ, ಹೊಳಪು, ವಿದ್ಯುತ್ತು, ಕೂಲಿ, ಸಾಗಾಟ ಇವುಗಳಿಗೆ ಶೇಕಡಾ 80ರಂತೆ 48 ಲಕ್ಷ ಹೋದರೆ ಉಳಿಕೆ 12 ಲಕ್ಷ. ಇದರಲ್ಲಿ ಬಾಡಿಗೆ, ಗುಮಾಸ್ತನ ಸಂಬಳ, ಸಾಲದ ಬಡ್ಡಿ, ಯಂತ್ರಗಳ ದುರಸ್ತಿ ಎಂಬ ಸ್ಥಿರವೆಚ್ಚ 6 ಲಕ್ಷ 60 ಸಾವಿರ. ಮಾಲೀಕನ ಮನೆವಾರ್ತೆಗೆ 3 ಲಕ್ಷ. ಉಳಿದುದು 2 ಲಕ್ಷ 40 ಸಾವಿರ. ಇದರ ಅರ್ಧವನ್ನು ಆಪತ್ತಿಗೆಂದು ಕಾಪಿಟ್ಟರೆ, ಮಿಕ್ಕ 1 ಲಕ್ಷ 20 ಸಾವಿರ ರೂಪಾಯಿಯೇ ಪ್ರಚಾರಕ್ಕೆ ತೆಗೆಯಬಹುದಾದ ಪರಮಾವಧಿ. ಮಾರಾಟದ ದೃಷ್ಟಿಯಿಂದ ಇದು ಶೇಕಡಾ 2 ಮಾತ್ರ; ಉಳಿಕೆಯ ದೃಷ್ಟಿಯಿಂದ ಶೇಕಡಾ 10. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಮಾತಿನಲ್ಲಿ ಹಾಸಿಗೆಯೆಂದರೆ ಈ ಉಳಿಕೆ. ಮಾರಾಟವೆಂಬುದು ಬರಿಯ ಅಂಗಳ.

ಎರಡನೆಯ ಸೂತ್ರ: ಹಾಕಿದ ಹಣ ಎಷ್ಟು ಮಾರಾಟದಿಂದ ಮರಳುತ್ತದೆ?

ಅನೇಕರು ಎಡವುವ ಕಲ್ಲು ಇಲ್ಲಿದೆ. ಪ್ರಚಾರಕ್ಕೆ 1 ಲಕ್ಷ 20 ಸಾವಿರ ಹಾಕಿ, ಅದರಿಂದ 1 ಲಕ್ಷ 20 ಸಾವಿರದ ಹೊಸ ಮಾರಾಟ ಬಂದರೆ ‘ಹಾಕಿದ್ದು ಬಂತು’ ಎಂದು ಸಮಾಧಾನ ಪಡುವವರಿದ್ದಾರೆ. ಇದು ಭ್ರಮೆ. ಮೇಲಿನ ಉದಾಹರಣೆಯ ಘಟಕದಲ್ಲಿ ಪ್ರತಿ ನೂರು ರೂಪಾಯಿ ಮಾರಾಟಕ್ಕೆ ಉಳಿಯುವುದು 20 ರೂಪಾಯಿ. ಆದುದರಿಂದ 1 ಲಕ್ಷ 20 ಸಾವಿರ ಮರಳಿ ಕೈಸೇರಬೇಕಾದರೆ 6 ಲಕ್ಷ ರೂಪಾಯಿಯ ಹೆಚ್ಚಿನ ಮಾರಾಟವಾಗಬೇಕು. ಒಂದು ಬೇಡಿಕೆ ಸರಾಸರಿ 1 ಲಕ್ಷದ್ದೆಂದರೆ ಆರು ಹೊಸ ಬೇಡಿಕೆಗಳು. ಏಳನೆಯ ಬೇಡಿಕೆಯಿಂದ ಮಾತ್ರ ಲಾಭದ ಮಾತು. ಈ ಒಂದು ಭಾಗಾಕಾರವನ್ನು ಮಾಡಿ ನೋಡಿದ ವ್ಯಾಪಾರಿ, ಯಾರೋ ಬಂದು ಹೊಗಳಿದ ಮಾತಿಗೆ ಮರುಳಾಗಿ ಹಣ ಎಣಿಸಲಾರ.

ಹೊಸದಾಗಿ ಆರಂಭವಾದ ಉದ್ಯಮಕ್ಕೆ ಹಿಂದಿನ ವರ್ಷಗಳ ಸರಾಸರಿ ಇರುವುದಿಲ್ಲ. ಅಂತಹ ಉದ್ಯಮಿ ಲೆಕ್ಕವನ್ನು ತಿರುಗಿಸಿ ಮಾಡಬೇಕು. ಸ್ಥಿರವೆಚ್ಚ ಮತ್ತು ಮನೆವಾರ್ತೆ ಕೂಡಿ 9 ಲಕ್ಷ 60 ಸಾವಿರ ಬೇಕೆಂದಾದರೆ, ಶೇಕಡಾ 20ರ ಉಳಿಕೆಯಲ್ಲಿ ವರ್ಷಕ್ಕೆ 48 ಲಕ್ಷದ ಮಾರಾಟ ಅನಿವಾರ್ಯ. ಎಂದರೆ 48 ಬೇಡಿಕೆಗಳು. ವಿಚಾರಿಸಲು ಬಂದ ನಾಲ್ವರಲ್ಲಿ ಒಬ್ಬನು ಕೊಳ್ಳುವನೆಂದು ಊಹಿಸಿದರೆ 192 ಮಂದಿ ವಿಚಾರಿಸಲು ಬರಬೇಕು. ಇಷ್ಟು ಜನರಿಗೆ ಸುದ್ದಿ ಮುಟ್ಟಿಸಲು ಏನೇನು ಬೇಕೆಂದು ಪಟ್ಟಿಮಾಡಿ ಬೆಲೆಕಟ್ಟಿದರೆ ಪ್ರಚಾರದ ಮೊತ್ತ ತಾನಾಗಿ ಹೊರಬರುತ್ತದೆ. ಆ ಮೊತ್ತ ಕೈಯಲ್ಲಿರುವ ಮೂಲಧನಕ್ಕೆ ಮೀರಿದ್ದರೆ, ಪ್ರಚಾರವನ್ನು ಮಾತ್ರ ಕುಗ್ಗಿಸುವುದು ಪರಿಹಾರವಲ್ಲ. ಉದ್ಯಮದ ಗಾತ್ರವನ್ನೇ ಪುನರ್ವಿಮರ್ಶಿಸಬೇಕು.

ಮೂರನೆಯ ಸೂತ್ರ: ವಿಂಗಡಣೆ

ಒಟ್ಟು ಮೊತ್ತ ನಿಶ್ಚಯವಾದ ಮೇಲೆ ವಿಂಗಡಣೆಯ ಕಾರ್ಯ. ಉದಾಹರಣೆಯ 1 ಲಕ್ಷ 20 ಸಾವಿರವನ್ನು ಐದು ಭಾಗ ಮಾಡಬಹುದು.

1. ನಿತ್ಯದ ಗುರುತು: 40 ಸಾವಿರ. ರಸ್ತೆಗೆ ಕಾಣುವ ನಾಮಫಲಕ, ದರಪಟ್ಟಿ, ಹಾಸಿದ ನೆಲದ ಸ್ವಚ್ಛವಾದ ಛಾಯಾಚಿತ್ರಗಳು, ಕಲ್ಲಿನ ಬಣ್ಣಗಳನ್ನು ತೋರಿಸುವ ಚಿಕ್ಕ ಮಾದರಿ ಪೆಟ್ಟಿಗೆಗಳು.

2. ಮುಖಪರಿಚಯ: 36 ಸಾವಿರ. ಕಲಬುರಗಿ, ಸೋಲಾಪುರ, ಲಾತೂರು, ಹೈದರಾಬಾದುಗಳ ಗುತ್ತಿಗೆದಾರರನ್ನೂ ಗೌಂಡಿಗಳನ್ನೂ ವಾಸ್ತುಶಿಲ್ಪಿಗಳನ್ನೂ ಮಾದರಿಯೊಡನೆ ಖುದ್ದಾಗಿ ಕಾಣುವ ಪ್ರಯಾಣವೆಚ್ಚ.

3. ಋತುಪ್ರಚಾರ: 24 ಸಾವಿರ. ಮನೆಕಟ್ಟುವ ಕಾಲದಲ್ಲಿ ಮಾತ್ರ ಮಾಡುವ ಪತ್ರಿಕಾ ಪ್ರಕಟಣೆ, ಗೋಡೆಬರಹ, ಜಾತ್ರೆ ಸಂತೆಗಳ ಪ್ರದರ್ಶನ.

4. ಪ್ರಯೋಗ: 12 ಸಾವಿರ. ಇದುವರೆಗೆ ಮಾಡದ ಒಂದು ಹೊಸ ಮಾರ್ಗದ ಪರೀಕ್ಷೆ. ಈ ಹಣ ಪೂರ್ಣ ನಷ್ಟವಾದರೂ ಉದ್ಯಮ ಅಲುಗಾಡದು. ಫಲಿಸಿದರೆ ಮುಂದಿನ ವರ್ಷ ಅದಕ್ಕೆ ಸ್ಥಾನ ದೊರೆಯುತ್ತದೆ.

5. ಮೀಸಲು: 8 ಸಾವಿರ. ಅನಿರೀಕ್ಷಿತವಾಗಿ ಒದಗುವ ಸಂದರ್ಭಕ್ಕೆ.

ಇಲ್ಲಿ ಮೊದಲ ಎರಡು ಭಾಗಗಳಿಗೆ ಹೆಚ್ಚು ಪಾಲು ದೊರೆತಿರುವುದು ಸಕಾರಣವಾಗಿದೆ. ಹಾಸುಗಲ್ಲನ್ನು ಮನೆಯೊಡೆಯನು ಜೀವನದಲ್ಲಿ ಒಂದೆರಡು ಬಾರಿ ಮಾತ್ರ ಕೊಳ್ಳುತ್ತಾನೆ. ಗುತ್ತಿಗೆದಾರನು ವರ್ಷಕ್ಕೆ ಹಲವು ಬಾರಿ ಕೊಳ್ಳುತ್ತಾನೆ. ಯಾವ ಕಲ್ಲು ಹಾಕೋಣವೆಂದು ಮನೆಯೊಡೆಯನು ಕೇಳುವುದೂ ಗೌಂಡಿಯನ್ನೇ. ಆದುದರಿಂದ ಸಾವಿರ ಜನ ದಾರಿಹೋಕರಿಗೆ ಕಾಣುವ ಫಲಕಕ್ಕಿಂತ ಹತ್ತು ಮಂದಿ ಗೌಂಡಿಗಳ ಕೈಯಲ್ಲಿರುವ ಮಾದರಿಯ ತುಣುಕು ಹೆಚ್ಚು ಮಾತನಾಡುತ್ತದೆ. ವಸ್ತುವಿನ ಹೊರರೂಪವೂ ಪ್ರಚಾರವೇ ಎಂಬುದಕ್ಕೆ ನಮ್ಮ ನಾಡಿನಲ್ಲಿಯೇ ಉತ್ತಮ ನಿದರ್ಶನವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರ ವೇಳೆಗೆ ತಯಾರಾಗತೊಡಗಿದ ಮೈಸೂರು ಸ್ಯಾಂಡಲ್ ಸಾಬೂನಿಗೆ ಒಡವೆಯ ಕರಡಿಗೆಯನ್ನು ಹೋಲುವ ಪೆಟ್ಟಿಗೆಯನ್ನೂ ಆನೆಯ ತಲೆ, ಸಿಂಹದ ಮೈಯುಳ್ಳ ಶರಭದ ಮುದ್ರೆಯನ್ನೂ ಕೊಟ್ಟರು. ಶತಮಾನ ಕಳೆದರೂ ಆ ಗುರುತು ಅಳಿದಿಲ್ಲ. ಒಮ್ಮೆ ಯೋಚಿಸಿ ಮಾಡಿದ ಗುರುತು ವರ್ಷವರ್ಷವೂ ಮಾಡುವ ಕೂಗಿಗಿಂತ ಅಗ್ಗವೆಂಬುದು ಇದರಿಂದ ತಿಳಿಯಬೇಕಾದ ಪಾಠ.

ಹಣ ಬೇಡದ ಪ್ರಚಾರವನ್ನು ಮೊದಲು ಮಾಡಿ ಮುಗಿಸಬೇಕೆಂಬುದೂ ಒಂದು ನಿಯಮ. ಮೊಬೈಲಿನ ಗೂಗಲ್ ನಕ್ಷೆಯಲ್ಲಿ ಅಂಗಡಿಯ ಸ್ಥಳ, ವೇಳೆ, ದೂರವಾಣಿ ಸಂಖ್ಯೆಗಳನ್ನು ದಾಖಲಿಸಲು ಶುಲ್ಕವಿಲ್ಲ. ಹಳೆಯ ಗ್ರಾಹಕನಿಗೆ ವಾಟ್ಸಾಪ್ ಮೂಲಕ ಹೊಸ ಮಾಲಿನ ಚಿತ್ರ ಕಳಿಸಲು ವಿಶೇಷ ವೆಚ್ಚವಿಲ್ಲ. ಇವನ್ನು ಮಾಡದೆ ದೊಡ್ಡ ಬ್ಯಾನರಿಗೆ ಹಣ ಹಾಕುವುದು ಬಾಗಿಲು ಮುಚ್ಚಿ ಅತಿಥಿಯನ್ನು ಕರೆದಂತೆ. ಇನ್ನು ಬ್ಯಾನರುಗಳ ವಿಷಯದಲ್ಲಿ, 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರುಗಳು 2022ರ ಜುಲೈ 1ರಿಂದ ದೇಶಾದ್ಯಂತ ನಿಷಿದ್ಧವಾಗಿವೆಯೆಂಬುದನ್ನೂ ಮರೆಯಬಾರದು.

ನಾಲ್ಕನೆಯ ಸೂತ್ರ: ಕಾಲವನ್ನರಿತು ಬಿತ್ತಬೇಕು

ರೈತನು ಹದವರಿತು ಬಿತ್ತುತ್ತಾನೆ. ಪ್ರಚಾರಕ್ಕೂ ಹದವುಂಟು. ಹನ್ನೆರಡು ತಿಂಗಳಿಗೂ ಹತ್ತು ಹತ್ತು ಸಾವಿರವೆಂದು ಸಮನಾಗಿ ಹಂಚುವುದು ಲೆಕ್ಕಕ್ಕೆ ಸುಲಭ, ಫಲಕ್ಕೆ ಕಷ್ಟ. ಈ ಸೀಮೆಯಲ್ಲಿ ಮಳೆಗಾಲದಲ್ಲಿ ಗಣಿಗಳ ಗುಂಡಿಗಳಲ್ಲಿ ನೀರು ನಿಲ್ಲುತ್ತದೆ. ಕಲ್ಲು ತೆಗೆಯುವುದೂ ಮನೆ ಕಟ್ಟುವುದೂ ಮಂದವಾಗುತ್ತವೆ. ಆಗ ದೊಡ್ಡದಾಗಿ ಕೂಗಿ ಗ್ರಾಹಕನನ್ನು ಕರೆದು, ಮಾಲಿಲ್ಲವೆಂದು ಹಿಂದೆ ಕಳಿಸಿದರೆ ಹಣವೂ ಹೋಯಿತು, ಹೆಸರೂ ಹೋಯಿತು. ದೀಪಾವಳಿಯಿಂದ ಬೇಸಗೆಯ ಕೊನೆಯವರೆಗೆ ಕಟ್ಟಡದ ಕಾಲ. ಆದ್ದರಿಂದ ಗುತ್ತಿಗೆದಾರರ ಭೇಟಿ ದೀಪಾವಳಿಗೆ ಮೊದಲೇ, ಅವರು ಮಾಲಿನ ನಿರ್ಣಯ ಮಾಡುವ ಹೊತ್ತಿಗೆ, ಆಗಬೇಕು.

ಹಳ್ಳಿಗಳ ಹದ ಬೇರೆ. ಕಲಬುರಗಿ ಜಿಲ್ಲೆ ತೊಗರಿಯ ಕಣಜ. ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿಯಾಗಿ, ಮಾರಿದ ಹಣ ರೈತನ ಕೈಗೆ ಬರುವುದು ಅದರ ಬೆನ್ನಿಗೆ. ಅಂಗಳಕ್ಕೆ ಫರಶಿ ಹಾಸುವ ವಿಚಾರ ಆ ಮನೆಯಲ್ಲಿ ಮೂಡುವುದು ಆಗಲೇ. ಹೋಳಿಯ ನಂತರ ಕಲಬುರಗಿಯಲ್ಲಿ ನಡೆಯುವ ಶ್ರೀ ಶರಣಬಸವೇಶ್ವರ ಜಾತ್ರೆಗೆ ಹಳ್ಳಿಹಳ್ಳಿಗಳ ಜನ ಸೇರುತ್ತಾರೆ. ಸೇಡಂ, ಚಿಂಚೋಳಿ ಕಡೆಯ ಹಳ್ಳಿಗಳಿಗಾಗಿ ತೆಗೆದಿಟ್ಟ ಋತುಪ್ರಚಾರದ ಹಣವನ್ನು ಜನವರಿಯಿಂದ ಮಾರ್ಚಿಯೊಳಗೆ ವಿನಿಯೋಗಿಸುವುದು ಯುಕ್ತ. ಮಳೆ ಕೈಕೊಟ್ಟು ತೊಗರಿ ಕೆಟ್ಟ ವರ್ಷ, ಹಟ ಹಿಡಿಯದೆ ಆ ಹಣವನ್ನು ಪಟ್ಟಣದ ಕಡೆಗೆ ತಿರುಗಿಸಬೇಕು. ಯೋಜನೆಯೆಂಬುದು ಶಿಲಾಶಾಸನವಲ್ಲ, ಮೂರು ತಿಂಗಳಿಗೊಮ್ಮೆ ತಿದ್ದತಕ್ಕ ಬರಹ.

ಉದ್ದರಿಯ ವಿಷಯವೂ ಕಾಲದ ವಿಷಯವೇ. ಪ್ರಚಾರದ ಹಣ ಇಂದು ಹೋಗುತ್ತದೆ. ಗುತ್ತಿಗೆದಾರನ ಹಣ ಎಷ್ಟೋ ತಿಂಗಳ ಮೇಲೆ ಬರುತ್ತದೆ. ಬೇಡಿಕೆ ಹೆಚ್ಚಿ, ಎಲ್ಲವೂ ಉದ್ದರಿಯಾಗಿ, ಕಲ್ಲು ಕೊಳ್ಳಲು ಕೈಯಲ್ಲಿ ಕಾಸಿಲ್ಲದೆ ಮುಚ್ಚುವ ಉದ್ಯಮಗಳುಂಟು. ಪ್ರಚಾರ ಗೆದ್ದು ಉದ್ಯಮ ಸೋತ ಸ್ಥಿತಿ ಅದು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಕಾಯಿದೆಯು ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಗೆ ಕೊಂಡವನು ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಸಲ್ಲಿಸಬೇಕೆಂದು ವಿಧಿಸಿದೆ. 2020ರಿಂದ ಜಾರಿಯಲ್ಲಿರುವ ‘ಉದ್ಯಮ್’ ನೋಂದಣಿಯನ್ನು ಮಾಡಿಸಿಕೊಂಡು, ಬಿಲ್ಲಿನ ಮೇಲೆ ಆ ಸಂಖ್ಯೆಯನ್ನು ಅಚ್ಚುಹಾಕಿಸುವುದು ಸಹ ಪ್ರಚಾರಯೋಜನೆಯ ಅಂಗವೆಂದೇ ತಿಳಿಯಬೇಕು.

ಐದನೆಯ ಸೂತ್ರ: ಲೆಕ್ಕ ಒಪ್ಪಿಸುವುದು

ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿ ಭಂಡಾರಿಯಾಗಿದ್ದರೆಂಬುದು ಸರ್ವವಿದಿತ. ಭಂಡಾರದ ಧನವನ್ನು ಜಂಗಮರಿಗೆ ವ್ಯಯಿಸುತ್ತಿದ್ದಾರೆಂದು ದೂರು ಹುಟ್ಟಿದಾಗ, ಅವರು ಭಂಡಾರವನ್ನು ತೆರೆದು ಲೆಕ್ಕವನ್ನು ಸರಿಯಾಗಿ ಒಪ್ಪಿಸಿದ ಪ್ರಸಂಗ ಬಸವಪುರಾಣದ ಪರಂಪರೆಯಲ್ಲಿ ಬರುತ್ತದೆ. ಅದರಲ್ಲಿನ ಪವಾಡದ ಅಂಶವನ್ನು ಬದಿಗಿಟ್ಟರೂ, ಶರಣಧರ್ಮದ ಮೂಲಪುರುಷರೇ ಲೆಕ್ಕದ ಕಾಯಕದಲ್ಲಿದ್ದರೆಂಬ ಸಂಗತಿ ವ್ಯಾಪಾರ ಮಾಡುವ ಶಿಷ್ಯವರ್ಗಕ್ಕೆ ಚಿಂತನೀಯವಾಗಿದೆ. ಕೇಳುವವರು ಕೇಳುವ ಮೊದಲೇ ಲೆಕ್ಕ ಸಿದ್ಧವಾಗಿರಬೇಕು.

ಪ್ರಚಾರದ ಲೆಕ್ಕಕ್ಕೆ ಒಂದು ನೂರುಪುಟದ ನೋಟುಬುಕ್ಕು ಸಾಕು. ವಿಚಾರಿಸಲು ಬಂದ ಪ್ರತಿಯೊಬ್ಬನನ್ನೂ ‘ನಮ್ಮ ಸುದ್ದಿ ಯಾರಿಂದ ತಿಳಿಯಿತು?’ ಎಂದು ಕೇಳಿ, ದಿನಾಂಕ, ಊರು, ಸುದ್ದಿಯ ಮೂಲ, ಕೊಂಡ ಮೊತ್ತ ಎಂಬ ನಾಲ್ಕು ಅಂಕಣಗಳಲ್ಲಿ ಬರೆಯಬೇಕು. ಉದಾಹರಣೆಯ ಘಟಕವು ವರ್ಷಾಂತ್ಯದಲ್ಲಿ ಪುಸ್ತಕ ತೆರೆದಾಗ, 36 ಸಾವಿರ ರೂಪಾಯಿಯ ಮಾದರಿ ಪ್ರಯಾಣಗಳಿಂದ 9 ಹೊಸ ಬೇಡಿಕೆಗಳೂ, 24 ಸಾವಿರ ರೂಪಾಯಿಯ ಋತುಪ್ರಚಾರದಿಂದ ಒಂದೇ ಬೇಡಿಕೆಯೂ ಬಂದುದು ಕಂಡಿತೆನ್ನೋಣ. ಮೊದಲನೆಯದರಲ್ಲಿ ಒಂದು ಬೇಡಿಕೆಗೆ ತಗಲಿದ್ದು 4 ಸಾವಿರ. ಎರಡನೆಯದರಲ್ಲಿ 24 ಸಾವಿರ. ಲಕ್ಷದ ಬೇಡಿಕೆಯಲ್ಲಿ ಉಳಿಯುವುದು 20 ಸಾವಿರ ಮಾತ್ರ. ಆದುದರಿಂದ ಮೊದಲನೆಯ ಮಾರ್ಗ ಪೋಷಣೀಯ, ಎರಡನೆಯದು ಶೋಧನೀಯ. ‘ಶೋಧನೀಯ’ವೆಂದರೆ ಒಮ್ಮೆಲೆ ತ್ಯಾಜ್ಯವೆಂದಲ್ಲ, ಸ್ಥಳ ತಪ್ಪಿತೋ, ಕಾಲ ತಪ್ಪಿತೋ, ಮಾತು ತಪ್ಪಿತೋ ಎಂದು ವಿಚಾರಿಸಿ, ಮುಂದಿನ ಬಾರಿ ಅರ್ಧ ಹಣದಲ್ಲಿ ಪರೀಕ್ಷಿಸಬೇಕು.

ದಾಸೋಹ ಬೇರೆ, ಪ್ರಚಾರ ಬೇರೆ

ಇಲ್ಲಿ ಸೂಕ್ಷ್ಮವಾದರೂ ಹೇಳಲೇಬೇಕಾದ ಒಂದು ಮಾತುಂಟು. ಮಠಮಾನ್ಯಗಳ ಜಾತ್ರೆಗೆ, ಶಾಲೆಯ ಕೊಠಡಿಗೆ, ಪ್ರಸಾದನಿಲಯಕ್ಕೆ ವ್ಯಾಪಾರಿಗಳು ಕೈಯೆತ್ತಿ ಕೊಡುತ್ತಾರೆ. ಇಂತಹ ಸ್ಮರಣಸಂಚಿಕೆಗಳಲ್ಲಿಯೂ ಅಂಗಡಿ ಮುಂಗಟ್ಟುಗಳ ಶುಭಾಶಯ ಪುಟಗಳು ಪ್ರಕಟವಾಗುತ್ತವೆ. ಲೆಕ್ಕದ ಪುಸ್ತಕದಲ್ಲಿ ಈ ಹಣವನ್ನು ಎಲ್ಲಿ ಬರೆಯಬೇಕು? ಪ್ರಚಾರದ ಅಂಕಣದಲ್ಲಿ ಬರೆದರೆ ಎರಡು ದೋಷಗಳು ಒದಗುತ್ತವೆ. ವರ್ಷಾಂತ್ಯದಲ್ಲಿ ‘ಈ ಪುಟದಿಂದ ಎಷ್ಟು ಗಿರಾಕಿಗಳು ಬಂದರು?’ ಎಂದು ಕೇಳಬೇಕಾಗುತ್ತದೆ. ಆಗ ದಾನ ವ್ಯಾಪಾರವಾಗುತ್ತದೆ. ಅಲ್ಲದೆ ಪ್ರಚಾರಕ್ಕೆಂದು ಅಳೆದಿಟ್ಟ ಹಣ ಅಲ್ಲಿಯೇ ಮುಗಿದು, ಸೋಲಾಪುರದ ಗುತ್ತಿಗೆದಾರನ ಭೇಟಿಗೆ ಬಸ್ಸಿನ ಖರ್ಚೂ ಉಳಿಯದು. ಆಗ ವ್ಯಾಪಾರ ಸೊರಗುತ್ತದೆ.

ಆದುದರಿಂದ ದಾಸೋಹಕ್ಕೆ ಪ್ರತ್ಯೇಕ ಅಂಕಣವಿರಬೇಕು. ಅದು ಮಾಲೀಕನ ಸ್ವಂತ ಪಾಲಿನಿಂದ, ಫಲಾಪೇಕ್ಷೆಯಿಲ್ಲದೆ ಹೋಗಬೇಕು. ಕನಗನಹಳ್ಳಿಯ ಕಲ್ಲುಗಳ ಮೇಲೂ ದಾನಿಗಳ ಹೆಸರುಗಳು ಕೆತ್ತಲ್ಪಟ್ಟಿವೆ. ಅವರ ವ್ಯಾಪಾರದ ಗತಿಯೇನಾಯಿತೆಂದು ಇಂದು ಯಾರೂ ಕೇಳುವುದಿಲ್ಲ, ದಾನ ಮಾತ್ರ ಉಳಿದಿದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಹಿಂದಿರುಗಿಸಲು ಹೇಳಿದ ಕಥೆ ಪ್ರಸಿದ್ಧ. ದಾಸೋಹದ ಮನೆಯಲ್ಲಿಯೂ ಅಳತೆಯಿತ್ತು. ಸಾಲ ಮಾಡಿ ಕೊಡುವ ಆಡಂಬರದ ಕಾಣಿಕೆಗಿಂತ, ನಡೆಯುವ ಅಂಗಡಿಯಿಂದ ವರ್ಷವರ್ಷವೂ ಬರುವ ಅಲ್ಪ ಕಾಣಿಕೆ ಮಠಕ್ಕೂ ಶಾಲೆಗೂ ಹೆಚ್ಚು ಶ್ರೇಯಸ್ಕರ.

ಸತ್ಯವೇ ಅಗ್ಗದ ಪ್ರಚಾರ

ಒಂದೂವರೆ ಅಂಗುಲ ದಪ್ಪವೆಂದು ಹೇಳಿ ಒಂದೂಕಾಲು ಅಂಗುಲದ ಕಲ್ಲು ಕಳಿಸಿದರೆ, ನೂರು ಚದರ ಅಡಿ ಎಂದು ಬರೆದು ತೊಂಬತ್ತೈದು ಅಡಿ ತುಂಬಿದರೆ, ಆ ದಿನದ ಲಾಭ ಹೆಚ್ಚಬಹುದು. ಆದರೆ ಹಾಸುವ ಗೌಂಡಿಯ ಕೈಯಲ್ಲಿ ಅಳತೆಪಟ್ಟಿಯಿರುತ್ತದೆ. ಅವನು ಆಡುವ ಒಂದು ಮಾತನ್ನು ಅಳಿಸಲು 40 ಸಾವಿರದ ನಾಮಫಲಕಕ್ಕೂ ಸಾಧ್ಯವಿಲ್ಲ. ಶಹಾಬಾದ ಕಲ್ಲಿನ ಗುಣಗಳು ಹೇಳಿಕೊಳ್ಳುವಷ್ಟಿವೆ: ಬಹುಕಾಲದ ಬಾಳಿಕೆ, ಬೇಸಗೆಯಲ್ಲಿ ಕಾಲಿಗೆ ತಂಪು, ಸಾಮಾನ್ಯನಿಗೆ ಎಟಕುವ ಬೆಲೆ. ದೋಷವೂ ಉಂಟು, ಅದು ಸುಣ್ಣಗಲ್ಲಾದುದರಿಂದ ಹುಳಿಯೂ ಆಮ್ಲವೂ ಬಿದ್ದರೆ ಕಲೆಯಾಗುತ್ತದೆ. ಆಮ್ಲದಿಂದ ತೊಳೆಯಬಾರದೆಂದು ಮೊದಲೇ ತಿಳಿಸಿದ ವ್ಯಾಪಾರಿಯ ಮೇಲೆ ಗ್ರಾಹಕನಿಗೆ ನಂಬಿಕೆ ಹುಟ್ಟುತ್ತದೆ. ಮುಚ್ಚಿಟ್ಟವನ ಮೇಲೆ ದೂರು ಹುಟ್ಟುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೂ ದಂಡ ವಿಧಿಸಲು ಅವಕಾಶವಿದೆ. ಕಾಯಿದೆಯ ಭಯಕ್ಕಿಂತ ಅಂತರಂಗದ ಅಳತೆಗೋಲು ದೊಡ್ಡದೆಂಬುದನ್ನು ಶರಣರ ನಾಡಿನಲ್ಲಿ ಬೇರೆ ಹೇಳಬೇಕಿಲ್ಲ.

ಕೂಡಿ ಮಾಡುವ ಪ್ರಚಾರ

‘ಶಹಾಬಾದ’ ಎಂಬ ಹೆಸರು ಒಬ್ಬನ ಸ್ವತ್ತಲ್ಲ, ಎಲ್ಲರದು. ಎಲ್ಲರದಾದುದರಿಂದಲೇ ಅದಕ್ಕಾಗಿ ಯಾರೂ ಖರ್ಚು ಮಾಡುವುದಿಲ್ಲ. ಒಬ್ಬನು ಹಣ ಹಾಕಿ ‘ಶಹಾಬಾದ ಕಲ್ಲು ಶ್ರೇಷ್ಠ’ವೆಂದು ಸಾರಿದರೆ ಪಕ್ಕದ ಅಂಗಡಿಗೂ ಗಿರಾಕಿ ಹೋಗುತ್ತಾನೆಂಬ ಸಂಕೋಚ ಸಹಜ. ಇದಕ್ಕೆ ಪರಿಹಾರ ಕೂಡುನಿಧಿ. ಇಪ್ಪತ್ತು ಘಟಕಗಳು ತಮ್ಮ ಪ್ರಯೋಗದ ಪಾಲಿನಿಂದ ತಲಾ 5 ಸಾವಿರ ಕೂಡಿಸಿದರೆ 1 ಲಕ್ಷವಾಗುತ್ತದೆ. ಒಬ್ಬನಿಂದ ಆಗದ ಕೆಲಸ, ಬೆಂಗಳೂರಿನ ‘ಸ್ಟೋನಾ’ದಂತಹ ಶಿಲಾಪ್ರದರ್ಶನದಲ್ಲಿ ಒಂದು ಮಳಿಗೆ ಹಿಡಿಯುವುದಿರಲಿ, ಎಲ್ಲ ಬಣ್ಣಗಳ ಒಂದು ಸಮಾನ ಮಾದರಿ ಪಟ್ಟಿ ಮಾಡುವುದಿರಲಿ, ಇಪ್ಪತ್ತು ಜನರಿಂದ ಆಗುತ್ತದೆ. ಹನಿಗೂಡಿ ಹಳ್ಳವಾಗುವುದು ಹೀಗೆ. ಇದೇ ಜಿಲ್ಲೆಯ ತೊಗರಿಬೇಳೆಗೆ 2019ರಲ್ಲಿ ‘ಗುಲ್ಬರ್ಗಾ ತೊಗರಿ ಬೇಳೆ’ ಎಂಬ ಹೆಸರಿನಿಂದ ಭೌಗೋಳಿಕ ಸೂಚಕದ ಮನ್ನಣೆ ದೊರೆತುದು, ಊರಿನ ಹೆಸರನ್ನು ಕೂಡಿ ಕಾಯಬಹುದೆಂಬುದಕ್ಕೆ ಹತ್ತಿರದ ನಿದರ್ಶನ.

ಉಪಸಂಹಾರ

ಈವರೆಗಿನ ವಿವೇಚನೆಯ ಸಾರವನ್ನು ಹೀಗೆ ಸಂಗ್ರಹಿಸಬಹುದು: ಪ್ರಚಾರದ ಹಣವನ್ನು ಉಳಿಕೆಯಿಂದ ಅಳೆಯಬೇಕು; ಅದು ಮರಳಲು ಬೇಕಾಗುವ ಮಾರಾಟವನ್ನು ಮೊದಲೇ ಎಣಿಸಬೇಕು; ಭಾಗಭಾಗವಾಗಿ ವಿಂಗಡಿಸಬೇಕು; ಕಾಲಕ್ಕೆ ಹೊಂದಿಸಬೇಕು; ವರ್ಷಾಂತ್ಯದಲ್ಲಿ ಲೆಕ್ಕ ಒಪ್ಪಿಸಬೇಕು. ದಾಸೋಹವನ್ನು ಇದರಲ್ಲಿ ಬೆರೆಸಬಾರದು. ಸತ್ಯವನ್ನು ಇದರಿಂದ ಬೇರ್ಪಡಿಸಬಾರದು.

ಶಾಲೆಗಳಲ್ಲಿ ಶೇಕಡಾವಾರು ಲೆಕ್ಕಗಳನ್ನು ಕಲಿಸುವ ಗುರುಗಳು ದೂರದ ಊರಿನ ಕಾಣದ ವ್ಯಾಪಾರಿಯ ಬದಲು, ಶಾಲೆಯ ದಾರಿಯಲ್ಲಿರುವ ಫರಶಿಯ ಅಂಗಡಿಯನ್ನೇ ಉದಾಹರಣೆಯಾಗಿ ಕೊಡಬಹುದು. ಶೇಕಡಾ 20 ಉಳಿಕೆಯಿರುವಲ್ಲಿ 1 ಲಕ್ಷ 20 ಸಾವಿರ ಮರಳಲು ಎಷ್ಟು ಮಾರಾಟ ಬೇಕೆಂಬ ಪ್ರಶ್ನೆಗೆ ಎಂಟನೆಯ ತರಗತಿಯ ಬಾಲಕಿ ಉತ್ತರಿಸಬಲ್ಲಳು. ಮನೆಗೆ ಹೋಗಿ ಅವಳು ಅದೇ ಪ್ರಶ್ನೆಯನ್ನು ಕಲ್ಲಿನ ವ್ಯಾಪಾರ ಮಾಡುವ ತಂದೆಗೆ ಕೇಳಿದರೆ, ಆ ಮನೆಯ ಲೆಕ್ಕದ ಪುಸ್ತಕದಲ್ಲಿ ಒಂದು ಹೊಸ ಅಂಕಣ ತೆರೆದುಕೊಳ್ಳುವುದು. ಹಳೆಯ ವಿದ್ಯಾರ್ಥಿಗಳಲ್ಲಿ ವ್ಯಾಪಾರದಲ್ಲಿ ಪಳಗಿದವರು ವರ್ಷಕ್ಕೊಮ್ಮೆ ಶಾಲೆಗೆ ಬಂದು ತಮ್ಮ ಅನುಭವದ ಲೆಕ್ಕಗಳನ್ನು ಮಕ್ಕಳ ಮುಂದೆ ಬಿಡಿಸಿದರೆ, ಅದೂ ಒಂದು ದಾಸೋಹವೇ, ಜ್ಞಾನದಾಸೋಹ. ಈ ನೆಲದ ಕಲ್ಲು ಗಟ್ಟಿಯಾಗಿದೆ. ಅದನ್ನು ಮಾರುವ ಕೈಗಳ ಲೆಕ್ಕವೂ ಅಷ್ಟೇ ಗಟ್ಟಿಯಾಗಲಿ.